ವಾಯಾ ಅಪೊಂಡಿಯ ಎರಡು ಚೂರು

ಸಹೃದಯರೂ ಸೂಕ್ಷ್ಮಮತಿಗಳೂ ಆದ ವಾಚಕ ಮಹಾಶಯರೇ, ಈ ಬರಹವನ್ನು ಕೈಗೆತ್ತಿಕೊಂಡ ತಮಗೆ ಮೊದಲು ನನ್ನ ವಂದನೆಗಳು ಸಲ್ಲಲಿ. ಬಸ್ ನಿಲ್ದಾಣದ ಬದಿಯಲ್ಲಿ ಗೋಣಿತಾಟಿನ ಮೇಲೆ ಹರಡಿ ಮಾರುವ ಹರಕು ಕಾದಂಬರಿಗಳೇ ನನ್ನ ಪಾಠಶಾಲೆ. ಅವುಗಳಲ್ಲಿ ಮೊದಲ ಪುಟವಿದ್ದರೆ ಕೊನೆಯದಿರುತ್ತಿರಲಿಲ್ಲ, ಕೊನೆಯದಿದ್ದರೆ ಮೊದಲನೆಯದಿರುತ್ತಿರಲಿಲ್ಲ. ಆದಕಾರಣ ಕಥೆಯನ್ನು ಎಲ್ಲಿ ತೊಡಗಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ನನಗೆ ಖಚಿತವಾಗಿ ತಿಳಿಯದು. ನಡುವೆ ನಡೆದುದನ್ನು ಮಾತ್ರ ನಡೆದಂತೆಯೇ ತಮ್ಮ ಮುಂದಿಡಬಲ್ಲೆ.

ಮೀನಿನ ಲಾರಿ, ಸಿಮೆಂಟಿನ ಲಾರಿ, ಸತ್ತವರನ್ನು ಊರಿಗೆ ಮುಟ್ಟಿಸುವ ಗಾಡಿ, ಇವೆಲ್ಲವನ್ನೂ ಓಡಿಸಿ ಬೇಸತ್ತ ಕಾಲದಲ್ಲಿ ಕಿಸುಮು ನಗರದ ಆಸ್ಪತ್ರೆಯೊಂದರ ಹಿಂಬದಿಯ ಪ್ರಯೋಗಾಲಯದಲ್ಲಿ ನನಗೆ ಚಾಲಕನ ಕೆಲಸ ದೊರೆಯಿತು. ಅದರ ಒಡತಿ ಡಾಕ್ಟರ್ ಅಮೊಂಡಿ. ಸ್ತನದ ಗಂಟು ಕೆಲವರಲ್ಲಿ ವರ್ಷಗಟ್ಟಲೆ ಇದ್ದಲ್ಲಿಯೇ ಇದ್ದು, ಮತ್ತೆ ಕೆಲವರಲ್ಲಿ ಕಂಡ ಕೆಲವೇ ತಿಂಗಳಲ್ಲಿ ಮೈಯೆಲ್ಲ ಹಬ್ಬುವುದೇಕೆ ಎಂಬುದು ಅವರು ಹಿಡಿದ ಪ್ರಶ್ನೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಂಟಿನ ಚೂರನ್ನು ತಕ್ಷಣವೇ ಕೊಳವೆಗೆ ಹಾಕಿ, ದ್ರವ ಸಾರಜನಕದ ಪೆಟ್ಟಿಗೆಯಲ್ಲಿ ಮುಳುಗಿಸಿ ತರಬೇಕು. ಆ ಹೊಗೆಯಾಡುವ ಚಳಿಯನ್ನು ನಾನು ತರುತ್ತಿದ್ದುದು ಹೋರಿಗಳ ವೀರ್ಯವನ್ನು ಶೇಖರಿಸುವ ಪಶುಸಂಗೋಪನೆಯ ಕೇಂದ್ರದಿಂದ. ಹೀಗಾಗಿ ಹಳ್ಳಿಗಳ ಕಡೆಗೆ ಗಾಡಿ ತಿರುಗಿತೆಂದರೆ ಜನ ನನ್ನನ್ನು ಕಂಡು, "ಬಂದ ನೋಡ್ರೋ ಹೋರಿ ಬೀಜದೋನು" ಎಂದು ನಗುತ್ತಿದ್ದರು.

ಪ್ರಯೋಗಾಲಯದಲ್ಲಿ ಎಲ್ಲಕ್ಕಿಂತ ಕಠಿಣವಾದ ನಿಯಮವೊಂದಿತ್ತು. ಬರಿಗೈಯಿಂದ ಏನನ್ನೂ ಮುಟ್ಟಕೂಡದು. ಮೊದಲ ದಿನವೇ ನಾನೊಂದು ಖಾಲಿ ಕೊಳವೆಯನ್ನು ಎತ್ತಿಕೊಂಡೆ. ಅಮೊಂಡಿ ನನ್ನ ಮಣಿಕಟ್ಟಿಗೆ ಫಟ್ಟನೆ ಹೊಡೆದರು.

"ಮುಟ್ಬೇಡ! ನಾನು ಓದ್ಬೇಕಾಗಿರೋ ವಸ್ತು ಬಿಸಿಲಲ್ಲಿಟ್ಟ ಕೊಬ್ಬಿಗಿಂತ ಬೇಗ ಕರಗೋದು. ನಿನ್ನ ಬೆರಳಿನ ಬೆವರು ಒಂಚೂರು ತಗುಲಿದ್ರೆ ಸಾಕು, ಇದ್ದದ್ದೆಲ್ಲ ಅಳಿಸಿಹೋಗತ್ತೆ."

"ನನ್ನ ಬೆವರು ಅಷ್ಟು ಕೆಟ್ಟದ್ದೇನ್ರೀ ಡಾಕ್ಟ್ರಮ್ಮ?"

"ನಿಂದೇ ಏನು, ನಂದೂ ಅಷ್ಟೇ. ಬಿಷಪ್ಪಂದೂ ಅಷ್ಟೇ."

ಅಮೊಂಡಿಯ ತಂದೆಯ ತಂಗಿ ಅಪೊಂಡಿ. ನಮ್ಮ ಕಡೆ ತಂದೆಯ ತಂಗಿಯನ್ನು ವಾಯಾ ಎನ್ನುತ್ತಾರೆ. ತಾಯಿ ತೀರಿಕೊಂಡ ಅಮೊಂಡಿಯನ್ನು ಓದಿಸಿ ಡಾಕ್ಟರನ್ನಾಗಿ ಮಾಡಿದವರು ಈಕೆಯೇ. ಉಯೋಮಾ ಎಂಬಲ್ಲಿ, ಆಚೆ ದಡ ಕಾಣದ ದೊಡ್ಡ ಕೆರೆಯ ದಂಡೆಯ ಮನೆತನವೊಂದಕ್ಕೆ ಮದುವೆಯಾಗಿ ಹೋಗಿದ್ದ ಅವರಿಗೆ ಮಕ್ಕಳಾಗಲಿಲ್ಲ, ಗಂಡನೂ ಬಹುಕಾಲ ಬಾಳಲಿಲ್ಲ. ಆದರೂ ಆ ದಂಡೆಯ ಅರ್ಧದಷ್ಟು ಮದುವೆಗಳನ್ನು ಕೂಡಿಸಿದವರು ಅವರೇ. ಹೆಣ್ಣಿನ ಮನೆಗೂ ಗಂಡಿನ ಮನೆಗೂ ಓಡಾಡಿ, ಮಾತು ಹೊತ್ತು, ಜಗಳ ಬಿಡಿಸಿ, ದನಗಳ ಲೆಕ್ಕ ಹೊಂದಿಸಿ ಎರಡು ಕುಲಗಳನ್ನು ಬೆಸೆಯುವವಳಿಗೆ ಜಗಾಮ್ ಎಂದು ಹೆಸರು. ವಾಯಾ ಅಪೊಂಡಿ ಜಗಾಮ್ ಆಗಿ ನಿಂತ ಮದುವೆ ಮುರಿದದ್ದಿಲ್ಲವೆಂದು ಮೀನುಗಾರರು ಹೇಳುತ್ತಿದ್ದರು.

ಅವರ ಎಡಸ್ತನದಲ್ಲಿ ಗಂಟು ಕಂಡು, ಅದನ್ನು ತೆಗೆಯಬೇಕೆಂದು ನಿಶ್ಚಯವಾಯಿತು. ಶಸ್ತ್ರಚಿಕಿತ್ಸೆಗೆ ಮುಂಚಿನ ಸಂಜೆ ಆಸ್ಪತ್ರೆಯ ಜಗಲಿಯಲ್ಲಿ ಕುಳಿತು ಅವರು ಹುರಿದ ಶೇಂಗಾ ಸುಲಿದು ನಮ್ಮಿಬ್ಬರಿಗೂ ಹಂಚುತ್ತಿದ್ದರು.

"ಏನೇ ಅಮೊಂಡಿ, ನನ್ನ ಮಾಂಸದೊಳಗೆ ಅದೇನೇ ಓದೋದು ನೀನು?"

"ಒಂದೊಂದು ಜೀವಕಣದಲ್ಲೂ ಒಂದು ದೊಡ್ಡ ಗ್ರಂಥ ಇದೆ ಅಂದ್ಕೋ ವಾಯಾ. ಅದನ್ನ ನೋಡ್ಕೊಂಡು ಚಿಕ್ಕ ಚಿಕ್ಕ ಚೀಟಿ ಬರೆಯೋದು. ಆ ಚೀಟಿಗೆ ಆರ್‌ಎನ್‌ಎ ಅಂತಾರೆ. ಕೆಲವು ಚೀಟಿ ಪ್ರಕಾರ ಪ್ರೋಟೀನ್ ತಯಾರಾಗತ್ತೆ. ಮಿಕ್ಕ ಬಹಳಷ್ಟು ಚೀಟಿಯಿಂದ ಏನೂ ತಯಾರಾಗಲ್ಲ. ಅವನ್ನ ತುಂಬ ಕಾಲ ಹೊಟ್ಟು ಅಂತ ತೂರಿಬಿಟ್ಟಿದ್ರು."

"ಹೆರದೇ ಇರೋವು ಅನ್ನು."

ವಾಯಾ ಒಂದು ಶೇಂಗಾಬೀಜದ ಕೆಂಪು ಸಿಪ್ಪೆಯನ್ನು ಬಹಳ ಹೊತ್ತು ಉಜ್ಜಿದರು.

"ಹೊಟ್ಟಲ್ಲ ವಾಯಾ. ಈಗ ಗೊತ್ತಾಗಿದೆ. ತಾವೇನೂ ಹೆರದಿದ್ರೂ, ಗ್ರಂಥದಲ್ಲಿ ಯಾವ ಪುಟ ತೆರೀಬೇಕು, ಯಾವುದು ಮುಚ್ಬೇಕು, ಯಾರ ಜೊತೆ ಯಾರು ಸೇರ್ಬೇಕು ಅಂತ ಓಡಾಡಿ ಹೇಳೋವು ಅವೇ."

ವಾಯಾ ತೊಡೆ ತಟ್ಟಿಕೊಂಡು ನಕ್ಕರು. "ಅಯ್ಯೋ ಹುಚ್ಚಿ, ಜಗಾಮ್ ಅಂತ ಒಂದೇ ಮಾತಲ್ಲಿ ಹೇಳ್ಬಾರ್ದೇನೇ! ಇಷ್ಟು ಹೇಳೋಕೆ ಅಷ್ಟು ವರ್ಷ ಓದಿದ್ಯಾ?"

"ಹೂಂ, ಜಗಾಮ್. ಆದ್ರೆ ಅವುಗಳಲ್ಲಿ ಕೆಟ್ಟವೂ ಇದಾವೆ. ಅಂಥದ್ದೊಂದು ಮಿತಿಮೀರಿದ್ರೆ, ಗಂಟಲ್ಲಿ ತೆಪ್ಪಗೆ ಕೂತಿದ್ದ ಕಣಗಳು ಎದ್ದು ಹೊರಡ್ತವೆ. ಎಲುಬಿಗೆ, ಶ್ವಾಸಕೋಶಕ್ಕೆ."

"ಮನೇಲಿ ಕೂತ ಹುಡುಗೀರ ಕಿವಿ ಊದಿ ಓಡಿಸೋಳು. ಅಂಥೋರನ್ನ ಕಂಡಿದ್ದೀನಿ ಕಣೇ, ನಾಲಗೆ ಕುಯ್ಬೇಕು." ವಾಯಾ ನನ್ನತ್ತ ತಿರುಗಿದರು. "ಏನೋ ಪರದೇಶಿ, ನಿನ್ನ ಕಿವೀಲಿ ಯಾವಳು ಕೂತವ್ಳೋ? ಒಂದೂರಲ್ಲಿ ನಿಲ್ಲಲ್ವಲ್ಲ ನೀನು!"

ಅಂದಿನಿಂದ ಪರದೇಶಿ ಎಂಬ ಹೆಸರೇ ನನಗಂಟಿತು. ನಗು ತಗ್ಗಿದ ಮೇಲೆ ವಾಯಾ ಅಮೊಂಡಿಯ ಗಲ್ಲ ಹಿಡಿದು ಹೇಳಿದರು:

"ತಗೋ ಒಂದು ಚೂರು. ಆ ಕೆಟ್ಟವಳ ಹೆಸರು ಕಂಡುಹಿಡಿ. ಓದಿ ಆದ್ಮೇಲೆ ಮಾತ್ರ ನಂಗೆ ವಾಪಸ್ ತಂದ್ಕೊಡ್ಬೇಕು. ಮಣ್ಣಿಗೆ ಹೋಗೋವಾಗ ನಾನು ಪೂರ್ತಿ ಹೋಗ್ಬೇಕು. ಎರಡಕ್ಕೂ ಮಾತು ಕೊಡು."

"ಆಗ್ಲಿ ವಾಯಾ," ಎಂದರು ಅಮೊಂಡಿ.

ಓದುವುದೆಂದರೆ ಚೂರನ್ನು ಚಳಿಯಲ್ಲಿಯೇ ಅರೆದು ಪುಡಿಮಾಡಿ ರಸ ತೆಗೆಯುವುದು, ಆಮೇಲೆ ಹಿಂದಿರುಗಿಸಲು ಏನೂ ಉಳಿಯುವುದಿಲ್ಲ ಎಂಬುದನ್ನು ಅವರು ಆಗ ಹೇಳಲಿಲ್ಲ. ಹೆದರಿದ ಮುದುಕಿಗೆ ಶಸ್ತ್ರಚಿಕಿತ್ಸೆಯ ಮುನ್ನಾದಿನ ಅದನ್ನು ಹೇಳುವವರಾರು?

ಮರುದಿನ ವಾಯಾರ ಗಂಡನ ಅಣ್ಣ ಒಂಗೊರೊ ಬುಟ್ಟಿಯೊಂದನ್ನು ಹಿಡಿದು ಆಸ್ಪತ್ರೆಗೆ ಬಂದರು. ಕೊಯ್ದ ಅವಯವವನ್ನು ಮನೆಗೊಯ್ದು, ಮುಂದೆ ಆ ವ್ಯಕ್ತಿಯನ್ನು ಹೂಳುವ ಜಾಗದ ಬದಿಯಲ್ಲೇ ಹೂತಿಡುವುದು ಅವರ ಮನೆತನದ ಪದ್ಧತಿ. ಬಿಳಿ ಬಟ್ಟೆಯಲ್ಲಿ ಸುತ್ತಿದ ಸ್ತನವನ್ನು ತೊಡೆಯ ಮೇಲಿಟ್ಟುಕೊಂಡು ಅವರು ನನ್ನ ಗಾಡಿಯಲ್ಲಿ ಉಯೋಮಾದವರೆಗೆ ಕುಳಿತಿದ್ದರು. ಅದರಿಂದ ಅವರೆಯ ಕಾಳಿನಷ್ಟು ಚೂರೊಂದು ಹಿಂದೆ ಉಳಿದಿದೆಯೆಂಬುದು ಅವರಿಗೆ ತಿಳಿದಿರಲಿಲ್ಲ.

ಮುಂದಿನ ಮಳೆಗಾಲಕ್ಕೆ ವಾಯಾರ ಕತ್ತಿನಲ್ಲಿ ಹೊಸ ಗಂಟೆದ್ದಿತು. ಅದರಿಂದಲೂ ಒಂದು ಚೂರು ತೆಗೆದು ಚಳಿಯಲ್ಲಿಟ್ಟರು. ಮೊದಲನೆಯದು ಕಣಗಳು ಮನೆಯಲ್ಲಿದ್ದಾಗಿನದು, ಎರಡನೆಯದು ಮನೆ ಬಿಟ್ಟು ಹೊರಟ ಮೇಲಿನದು. ಎರಡನ್ನೂ ಒಂದೇ ದಿನ, ಒಂದೇ ರೀತಿಯಲ್ಲಿ ಓದಿ ಪಕ್ಕಪಕ್ಕದಲ್ಲಿಟ್ಟು ನೋಡಬೇಕೆಂಬುದು ಅಮೊಂಡಿಯ ಹಂಬಲ. ಆದರೆ ಓದಲು ಬೇಕಾದ ರಾಸಾಯನಿಕ ಸಮುದ್ರದಾಚೆಯಿಂದ ಬರಬೇಕಿತ್ತು, ಸುಂಕದವರ ಕೈಯಲ್ಲಿ ಎಲ್ಲೋ ಸಿಕ್ಕಿಬಿದ್ದಿತ್ತು. "ಸಿಕ್ಕಿದ್ಲೇನೇ ಆ ಕೆಟ್ಟವಳು?" ಎಂದು ವಾಯಾ ಪ್ರತಿ ಸಲ ಕೇಳುವರು. "ಇನ್ನೂ ಇಲ್ಲ ವಾಯಾ" ಎಂದು ಅಮೊಂಡಿ ಅವರ ದಿಂಬನ್ನು ಸರಿಪಡಿಸುವರು. ಕೊನೆಕೊನೆಗೆ ಉಸಿರು ಸಾಲದೆ ವಾಯಾ ಹುಬ್ಬನ್ನು ಮಾತ್ರ ಎತ್ತಿ ಕೇಳುತ್ತಿದ್ದರು. ರಾಸಾಯನಿಕ ಬರುವ ಮುನ್ನ ಅವರು ತೀರಿಹೋದರು.

ದೇಹವನ್ನು ನಾನೇ ಉಯೋಮಾಕ್ಕೆ ಕೊಂಡೊಯ್ದೆ. ಅಂಗಳದಲ್ಲಿ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿಗಳು, ಇಗರ್ಜಿಯ ಗಾಯಕರ ನೀಲಿ ನಿಲುವಂಗಿಗಳು. ಮನೆಯ ಎಡಮಗ್ಗುಲಲ್ಲಿ ಗುಂಡಿ ಸಿದ್ಧವಾಗಿತ್ತು. ವಾಯಾ ಕೂಡಿಸಿದ ಮದುವೆಗಳ ಹೆಂಗಸರೆಲ್ಲ ಮೊಮ್ಮಕ್ಕಳನ್ನು ಸೊಂಟದಲ್ಲಿಟ್ಟುಕೊಂಡು ಗೋಳಿಡುತ್ತ ಬಂದಿದ್ದರು. ಶವಪೆಟ್ಟಿಗೆಯನ್ನು ಇಳಿಸುವ ಮುನ್ನ, ಆ ಮನೆಯ ರೂಢಿಯಂತೆ, ಒಂಗೊರೊ ಕೋಲೂರಿ ಮುಂದೆ ಬಂದು ತವರಿನವರನ್ನು ಕೇಳಿದರು:

"ನಮ್ಮನೆ ಹೆಂಗಸನ್ನ ಪೂರ್ತಿ ತಂದಿದ್ದೀರೋ?"

ಇದಕ್ಕೆ "ಪೂರ್ತಿ ತಂದಿದ್ದೇವೆ" ಎನ್ನುವುದಷ್ಟೇ ವಾಡಿಕೆ. ತವರಿನ ಪರವಾಗಿ ನಿಂತಿದ್ದ ಅಮೊಂಡಿಯ ತುಟಿ ಅಲುಗಿತು. ಪೆಟ್ಟಿಗೆಯ ಗಾಜಿನ ಕಿಂಡಿಯಲ್ಲಿ ವಾಯಾರ ಮುಖ ಕಾಣುತ್ತಿತ್ತು.

"ಇಲ್ಲ ದೊಡ್ಡೋರೇ," ಎಂದರು ಅಮೊಂಡಿ. "ಎರಡು ಚೂರು ನನ್ನ ಹತ್ರ ಇದೆ. ಕಿಸುಮುನಲ್ಲಿ, ಚಳಿ ಪೆಟ್ಟಿಗೇಲಿ. ಅವರೇ ಒಪ್ಪಿ ಕೊಟ್ಟಿದ್ದು."

ಗೋಳು ನಿಂತುಹೋಯಿತು. ಒಂಗೊರೊ ಅವರ ಸೊಸೆ, ಮೊಮ್ಮಗ ಒಡೆನಿಯ ತಾಯಿ, ಬಾಯಿಗೆ ಸೆರಗು ಹಿಡಿದವಳು ಅದನ್ನು ತೆಗೆದಳು.

"ಬದುಕಿರೋವಾಗ ಒಂದೂ ಹೆರ್ಲಿಲ್ಲ, ಸತ್ತಮೇಲೆ ಐಸ್ ಪೆಟ್ಟಿಗೇಲಿ ಎರಡು ಹೆತ್ತಿಟ್ಟು ಹೋದ್ಳಾ?"

ಯಾರೋ ಮೂಗಿನಲ್ಲಿ ನಕ್ಕರು. ಅಮೊಂಡಿ ಅದನ್ನು ನುಂಗಿಕೊಂಡು, "ದೊಡ್ಡೋರೇ, ಆ ಎರಡು ಚೂರಿನ ಬದ್ಲು ಯಾಗೋ ಕಾಯಿ ಇಟ್ರಾಗಲ್ವಾ? ಕೆರೇಲಿ ಮುಳುಗಿ ಸಿಗದೇ ಹೋದೋರಿಗೆ ಅದನ್ನೇ ತಾನೆ ಹೂಳೋದು?" ಎಂದರು.

ಯಾಗೋ ಮರ ಅಂಗಳದ ಬೇಲಿಯಾಚೆಯೇ ಇತ್ತು. ಮೊಳದುದ್ದದ ಬೂದು ಬಣ್ಣದ ಕಾಯಿಗಳು ಹಗ್ಗದಂತಹ ತೊಟ್ಟುಗಳಲ್ಲಿ ತೂಗಾಡುತ್ತಿದ್ದವು. ದೇಹ ಸಿಗದವರ ಹೆಸರಿನಲ್ಲಿ ಆ ಕಾಯಿಯನ್ನು ಹೂತು ಅಂತ್ಯಕ್ರಿಯೆ ಮುಗಿಸುವುದನ್ನು ನಾನೂ ಕಂಡಿದ್ದೆ. ಒಂಗೊರೊ ಮರದತ್ತ ತಿರುಗಿಯೂ ನೋಡಲಿಲ್ಲ.

"ಪಟ್ಟಣದಲ್ಲಿ ಓದಿ ಅರ್ಧ ಮರ್ತಿದ್ದೀಯ ಮಗಾ. ಯಾಗೋ ಇರೋದು ಕಳೆದುಹೋದೋರಿಗೆ, ಎಲ್ಲಿದ್ದಾರೆ ಅಂತ ಯಾರಿಗೂ ಗೊತ್ತಿಲ್ದೋರಿಗೆ. ಇವಳು ಎಲ್ಲಿದ್ದಾಳೆ ಅಂತ ನೀನೇ ಈಗ ಬಾಯ್ಬಿಟ್ಟು ಹೇಳ್ದೆ. ಇರೋ ಜಾಗ ಗೊತ್ತಿದ್ದೂ ಯಾಗೋ ಹೂತ್ರೆ, 'ನೀವು ನನ್ನ ಕಳ್ಕೊಳ್ಲಿಲ್ಲ, ಎಸೆದ್ರಿ' ಅಂತ ಬಂದು ಕೇಳ್ತಾಳೆ. ಆ ಚೂರು ಬರೋವರೆಗೂ ಗುಂಡಿ ಹೀಗೇ ಇರತ್ತೆ."

ಅಮೊಂಡಿ ಹೊರಬಂದು ಗಾಡಿಯ ಬಾಗಿಲಿಗೊರಗಿದರು. ನಾನು ಮೆಲ್ಲಗೆ ಹೇಳಿದೆ: "ಡಾಕ್ಟ್ರಮ್ಮ, ಈಗ್ಲೇ ಫೋನ್ ಬಂತು, ಕರೆಂಟ್ ಹೋಗಿ ಎಲ್ಲ ಕರಗಿಹೋಯ್ತಂತೆ ಅಂದ್ಬಿಡಿ. ಕಳೆದುಹೋದಂಗೆ ಆಗತ್ತೆ. ಯಾಗೋ ಸರಿಹೋಗತ್ತೆ."

"ಹೇಳ್ಬಹುದು," ಎಂದರು ಅವರು. ಹೇಳುವ ಮನಸ್ಸು ಅರ್ಧ ಬಂದಿತ್ತೆಂದು ನನಗೆ ಕಂಡಿತು.

ಅಷ್ಟರಲ್ಲಿ ಒಂಗೊರೊ ಒಬ್ಬರೇ ನಮ್ಮತ್ತ ಬಂದರು. ಅಂಗಳದ ಗಡಸು ಅವರ ದನಿಯಲ್ಲಿರಲಿಲ್ಲ.

"ಮಗಾ, ನಿನ್ನ ಮೇಲೆ ಸಿಟ್ಟಿಲ್ಲ. ನಮ್ಮಮ್ಮ ಇವಳನ್ನ ಹೊಟ್ಟು ಅಂತ ಕರೀತಿದ್ಲು, ಎದುರಿಗೇ. ಉಂಡ ಮೇಲೆ ತಟ್ಟೇಲಿ ಉಳಿದಿದ್ದೇ ಇವಳ ಪಾಲು. ನಾವು ಗಂಡಸರು ಕೇಳಿ ಕೇಳದ ಹಾಗಿದ್ವಿ. ಒಡೆನೀಗೆ ಹೆಣ್ಣು ಹುಡುಕಿದ್ದು ಇವಳೇ, ಈಗ ಹಂಗಿಸಿದ್ಳಲ್ಲ, ಆ ಸೊಸೇನ ತಂದಿದ್ದೂ ಇವಳೇ. ಈ ಮನೇಲಿ ಯಾವತ್ತೂ ಅವಳಿಗೆ ಪೂರ್ತಿ ಅಂತ ಏನೂ ಕೊಡ್ಲಿಲ್ಲ ನಾವು. ಅವಳ ಪರ ಕೇಳೋಕೆ ಮಕ್ಕಳಿಲ್ಲ. ಇವತ್ತೊಂದಿನ ನಾನು ಕೇಳ್ತಿದ್ದೀನಿ. ಅಷ್ಟೇ."

ಅವರು ಕೋಲೂರುತ್ತ ಮರಳಿ ಹೋದರು. ಅಮೊಂಡಿ ಅವರ ಬೆನ್ನನ್ನೇ ನೋಡುತ್ತಿದ್ದು, ಬಾಗಿಲು ತೆರೆದು ಒಳಗೆ ಕುಳಿತರು.

"ನಡಿ, ಕಿಸುಮುಗೆ."

ದಾರಿಯ ನಡುವೆ ಅವರೆಂದರು: "ಹೊರಡೋ ಮುಂಚಿನದು, ಹೊರಟ ಮೇಲಿನದು, ಎರಡೂ ಒಬ್ಬಳದೇ. ಇಂಥ ಜೋಡಿ ನನ್ನ ಹತ್ರ ಇನ್ನೊಂದಿಲ್ಲ ಕಣೋ."

"ಅರ್ಧ ಕೊಟ್ಟು ಅರ್ಧ ಇಟ್ಕೊಂಡ್ರೆ?"

"ಅರ್ಧ ಎಲ್ಲಿದೆ ಅಂತ ಆಗ್ಲೂ ಗೊತ್ತಿರತ್ತಲ್ಲ. ದೊಡ್ಡೋರು ಹೇಳಿದ್ದು ಕೇಳಿಸ್ಲಿಲ್ವಾ?"

ಪ್ರಯೋಗಾಲಯದಲ್ಲಿ ಅವರು ಎಂದಿನಂತೆ ಕೈಗವಸು ತೊಟ್ಟು, ಆ ಎರಡು ಕೊಳವೆಗಳನ್ನು ಫ್ರೀಜರ್‌ನಿಂದ ಎತ್ತಿ ಹೊಗೆಯಾಡುವ ಪೆಟ್ಟಿಗೆಗೆ ಇಳಿಸಿದರು. ಮುಚ್ಚಳವನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟರು. ಅರೆಯುವ ಒರಳು ಪಕ್ಕದಲ್ಲೇ ಇತ್ತು.

"ಇಲ್ಲೇ ಈಗ್ಲೇ ಪುಡಿ ಮಾಡಿ ರಸ ತೆಗೆದಿಡ್ಬಹುದು. ರಾಸಾಯನಿಕ ಬಂದಾಗ ಓದ್ಬಹುದು. ಆಗ ಚೂರು ನಿಜವಾಗ್ಲೂ ಇರಲ್ಲ. ಸುಳ್ಳು ಹೇಳ್ದಂಗೂ ಆಗಲ್ಲ." ಅವರು ನನ್ನೊಡನೆ ಮಾತಾಡುತ್ತಿರಲಿಲ್ಲ. "ಎರಡು ಮಾತು ಕೊಟ್ಟಿದ್ದೆ. ಒಂದು ಬದುಕಿದ್ರೆ ಇನ್ನೊಂದು ಸಾಯತ್ತೆ ಅಂತ ಗೊತ್ತಿದ್ದೂ ಕೊಟ್ಟಿದ್ದೆ."

ನಾನು ಬಾಗಿಲ ಬಳಿ ಗಾಡಿಯ ಕೀಲಿಯನ್ನು ಹಿಡಿದು ಕಾಯುತ್ತಿದ್ದೆ. ಹೊರಗೆ ವಾರ್ಡಿನ ಜಗಲಿಯಲ್ಲಿ ತಲೆಗೆ ಬಟ್ಟೆ ಕಟ್ಟಿದ ಹೆಂಗಸರು ಬಿಸಿಲಿಗೆ ಮೈ ಕಾಯಿಸುತ್ತ ಕುಳಿತಿದ್ದರು. ಅಮೊಂಡಿ ಕಿಟಕಿಯಿಂದ ಅವರನ್ನು ಬಹಳ ಹೊತ್ತು ನೋಡಿದರು.

"ಓದೋಕೆ ಬೇರೆ ಹೆಂಗಸರು ಬರ್ತಾರೆ. ಬರ್ತಾನೇ ಇರ್ತಾರೆ, ಅದೇ ಸಂಕಟ. ವಾಯಾಗೆ ಮಣ್ಣು ಒಂದೇ ಸಲ."

ಅವರು ಮುಚ್ಚಳ ಹಾಕಿದರು.

ನಾವು ಮರಳುವಾಗ ಸೂರ್ಯ ಕೆರೆಯ ಮೇಲೆ ಬಾಗಿದ್ದ. ಜನರು ಚದುರಿರಲಿಲ್ಲ. ಚಳಿ ಪೆಟ್ಟಿಗೆ ತೆರೆದೊಡನೆ ಬಿಳಿಯ ಹೊಗೆ ಉಕ್ಕಿ ನೆಲದ ಮೇಲೆ ಹರಿದು ಗುಂಡಿಯೊಳಗೆ ಇಳಿಯಿತು. ಮಕ್ಕಳು ಕಿರುಚಿ ಹಿಂದೆ ಸರಿದರು. ಒಂಗೊರೊ ಬಾಳೆಯೆಲೆಯ ತುಂಡೊಂದನ್ನು ಅಂಗೈಯಲ್ಲಿ ಹಿಡಿದು ಮುಂದೆ ಚಾಚಿದರು. ಅಮೊಂಡಿ ಕೈಗವಸು ತೊಟ್ಟ ಕೈಯಿಂದ ಕೊಳವೆಗಳನ್ನೆತ್ತಿ ಎಲೆಯ ಸಮೀಪಕ್ಕೆ ತಂದವರು ತಟ್ಟನೆ ನಿಂತರು. ಕೊಳವೆಗಳನ್ನು ಗವಸು ತೊಟ್ಟ ನನ್ನ ಕೈಗೆ ಕೊಟ್ಟು, ಒಂದೊಂದಾಗಿ ಎರಡೂ ಗವಸುಗಳನ್ನು ಕಳಚಿದರು. ಅಷ್ಟು ವರ್ಷಗಳಲ್ಲಿ ಅಂತಹ ಕೊಳವೆಯ ಮುಂದೆ ಅವರ ಬೆರಳುಗಳನ್ನು ನಾನು ಕಂಡದ್ದು ಅದೇ ಮೊದಲು.

"ಸುಡತ್ತೆ ಡಾಕ್ಟ್ರಮ್ಮ, ಚಳಿ ಸುಡತ್ತೆ," ಎಂದೆ.

ಅವರು ಕೇಳಿಸಿಕೊಳ್ಳಲಿಲ್ಲ. ಎರಡೂ ಚೂರುಗಳನ್ನು ಬರಿಯ ಅಂಗೈಗೆ ಸುರಿದುಕೊಂಡು ಮುಷ್ಟಿ ಮುಚ್ಚಿದರು. ಮುಖ ಬಿಗಿಯಿತು, ಕಣ್ಣಲ್ಲಿ ನೀರು ತುಂಬಿತು. ಕಲ್ಲಿನಂತಿದ್ದುದು ಮೆತ್ತಗಾಗುವವರೆಗೂ ಅವರು ಹಾಗೆಯೇ ನಿಂತಿದ್ದರು. ಆಮೇಲೆ ಮುಷ್ಟಿ ಬಿಚ್ಚಿ ಎಲೆಯ ಮೇಲಿಟ್ಟರು.

ಒಂಗೊರೊ ಕಣ್ಣು ಕಿರಿದುಗೊಳಿಸಿ ನೋಡಿದರು. "ಇಷ್ಟೇನಾ?"

"ಇಷ್ಟೇ ದೊಡ್ಡೋರೇ."

"ಇದ್ರಲ್ಲಿ ಏನು ಹುಡುಕ್ತಿದ್ದೆ ನೀನು?"

"ಅವರನ್ನ ಕೊಂದೋಳ ಹೆಸರು."

"ಇತ್ತಾ?"

"ಇತ್ತು. ಈಗ ಅಳಿಸಿಹೋಯ್ತು."

ಮುದುಕರು ಎಲೆಯನ್ನೂ ಅಮೊಂಡಿಯ ಮುಖವನ್ನೂ ಬದಲಿಸಿ ಬದಲಿಸಿ ನೋಡಿದರು. ಆಮೇಲೆ ಎಲೆಯನ್ನು ಮಡಿಸಿ, ವಾಯಾರ ಎಡಮಗ್ಗುಲಿಗೆ ಬರುವಂತೆ ಶವಪೆಟ್ಟಿಗೆಯೊಳಗಿಟ್ಟರು. "ಪೂರ್ತಿ ಬಂದ್ಳು," ಎಂದು ಮೂರು ದಿಕ್ಕಿಗೂ ತಿರುಗಿ ಸಾರಿದರು. ಹೆಂಗಸರ ಗೋಳು ಮತ್ತೆ ಎದ್ದಿತು. ಆ ಗದ್ದಲದ ನಡುವೆ ಒಡೆನಿಯ ತಾಯಿ ಹಸುವಿನ ತುಪ್ಪದ ಕರಟ ತಂದು, ಅಮೊಂಡಿಯ ಬೊಬ್ಬೆಯೆದ್ದ ಅಂಗೈಯನ್ನು ಎಳೆದುಕೊಂಡು, ಯಾರ ಮುಖವನ್ನೂ ನೋಡದೆ ಸವರತೊಡಗಿದಳು.

"ನನ್ನ ಮದ್ವೇಗೆ ಅವರೇ ಜಗಾಮ್ ಕಣಕ್ಕಾ," ಎಂದಳು.

ಮಣ್ಣೆಳೆದು ಮುಗಿದ ಬಳಿಕ ನಾನು ಖಾಲಿ ಚಳಿ ಪೆಟ್ಟಿಗೆಯನ್ನು ಗಾಡಿಗೇರಿಸುತ್ತಿದ್ದೆ. ಒಂಗೊರೊ ಬೇಲಿಯ ಬಳಿ ಮಂಕಾಗಿ ನಿಂತಿದ್ದರು. ಅವರನ್ನು ಮಾತಿಗೆಳೆಯಲೆಂದೇ ಕೇಳಿದೆ: "ದೊಡ್ಡೋರೇ, ನನ್ನಂಥ ಪರದೇಶಿ ಸತ್ರೆ ಏನು ಹೂಳ್ತೀರಿ?"

"ನಿಂಗೆ ಯಾಗೋ ಸಾಕು ಬಿಡು," ಎಂದರು ಅವರು. "ಎಲ್ಲಿದ್ದೀಯ ಅಂತ ಯಾರಿಗೆ ಗೊತ್ತಿರತ್ತೆ?"

ರಾಸಾಯನಿಕದ ಪೆಟ್ಟಿಗೆ ಕೆಲವು ವಾರಗಳ ತರುವಾಯ ಬಂದಿತು. ವಿಮಾನ ನಿಲ್ದಾಣದಿಂದ ಅದನ್ನು ತಂದವನು ನಾನೇ. ಅಮೊಂಡಿ ಅದರ ಮೇಲಿನ ಧೂಳನ್ನು ಒರೆಸಿ ಕಪಾಟಿನಲ್ಲಿಟ್ಟು, ಹೊಸ ಕೈಗವಸು ತೊಟ್ಟು, ವಾರ್ಡಿಗೆ ಹೋದರು. ಜಗಲಿಯಲ್ಲಿ ಕುಳಿತ ಹೆಂಗಸೊಬ್ಬಳ ಮುಂದೆ ಕಾಲುಮಡಿಸಿ ಕುಳಿತು ಅವರು ಹೇಳುತ್ತಿದ್ದುದು ನನಗೆ ಕೇಳಿಸಿತು: "ಒಂದು ಚೂರು ಕೇಳ್ತೀನಮ್ಮ. ಮೊದ್ಲೇ ಹೇಳ್ಬಿಡ್ತೀನಿ, ವಾಪಸ್ ಕೊಡೋಕಾಗಲ್ಲ. ಓದಿದ್ರೆ ಏನೂ ಉಳಿಯಲ್ಲ." ಹೆಂಗಸು ಕೆರೆಯತ್ತ ನೋಡುತ್ತಿದ್ದಳು. ಒಪ್ಪಿದಳೋ ಇಲ್ಲವೋ ನನಗೆ ತಿಳಿಯದು, ಏಕೆಂದರೆ ಅಂದೇ ನಾನು ಕೆಲಸ ಬಿಟ್ಟೆ. ಕಾರಣ ಕೇಳಬೇಡಿರಿ, ವಾಚಕ ಮಹಾಶಯರೇ. ನನ್ನ ಕಿವಿಯೊಳಗಿನವಳು ಮತ್ತೆ ಊದಲಾರಂಭಿಸಿದ್ದಳು.

ಎರಡು ಅಂಗಿ, ಕಂಬಳಿ, ಕೊನೆಯ ಪುಟವಿಲ್ಲದ ಕಾದಂಬರಿಗಳ ಕಟ್ಟು, ಇಷ್ಟನ್ನು ಚೀಲಕ್ಕೆ ತುಂಬಿ, ಗಾಡಿಯ ಕೀಲಿಯನ್ನು ಅಮೊಂಡಿಯ ಮೇಜಿನ ಮೇಲಿಟ್ಟೆ. ಅವರ ಅಂಗೈಯಲ್ಲಿ ಅವರೆಕಾಳಿನಷ್ಟು ಎರಡು ಬಿಳಿ ಕಲೆಗಳು ಉಳಿದಿದ್ದವು.

"ಹೊರಟ್ಯಾ?"

"ಹೂಂ ಡಾಕ್ಟ್ರಮ್ಮ."

"ಎಲ್ಲಿಗೆ ಅಂತ ಹೇಳಿ ಹೋಗೋ."

ನಾನು ಈವರೆಗೆ ಯಾರಿಗೂ ಅದನ್ನು ಹೇಳಿ ಹೋದವನಲ್ಲ. ಬಾಗಿಲಲ್ಲಿ ನಿಂತು, "ಮ್ವಾನ್ಜಾಕ್ಕೆ, ಕೆರೆ ಆಚೆ ದಂಡೆಗೆ," ಎಂದೆ. "ದೋಣಿಕಟ್ಟೆ ಹತ್ರ, ಒಣಮೀನು ಮಾರೋರ ಸಾಲಲ್ಲಿ ಕೇಳಿದ್ರೆ ಹೇಳ್ತಾರೆ." ಅವರು ಅದನ್ನೊಮ್ಮೆ ಬಾಯಲ್ಲೇ ಹೇಳಿಕೊಂಡು ತಲೆಯಾಡಿಸಿದರು. ಕೆರೆಯ ಕಡೆಯಿಂದ ಬಸ್ಸಿನ ಹಾರ್ನ್ ಕೇಳಿಸಿತು. ಚೀಲವನ್ನು ಹೆಗಲಿಗೇರಿಸಿ ನಡೆದೆ.